ಫ್ಲಾಸ್ಕಿನಲ್ಲಿ ಬರುವ ರಕ್ತದ ಇಂಜೆಕ್ಷನ್

ಕೇಳುಗರೆ, ನಮಸ್ಕಾರ.

ನಮ್ಮ ದೊಡ್ಡಮ್ಮ ವಾರಕ್ಕೆರಡು ಸಲ ಶ್ರೀನಿವಾಸಪುರದಿಂದ ಕೋಲಾರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಾರೆ. ಬಸ್ಸಿನಲ್ಲಿ ಅವರ ಮಡಿಲ ಮೇಲೆ ಅಗಲ ಬಾಯಿಯ ಒಂದು ಫ್ಲಾಸ್ಕ್ ಇರುತ್ತದೆ. ತಳದಲ್ಲಿ ಐಸ್, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಇಂಜೆಕ್ಷನ್. ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹೆಪ್ಪುಗಟ್ಟಬಾರದು, ಜೋರಾಗಿ ಕುಲುಕಲೂಬಾರದು. ಗುಂಡಿ ಬಂದಾಗಲೆಲ್ಲ ಫ್ಲಾಸ್ಕನ್ನು ಎರಡೂ ಕೈಗಳಿಂದ ಹಿಡಿದು ಮೇಲೆತ್ತುತ್ತಾರೆ. ಮೊದಲ ದಿನ ಅವರು ಕೇಳಿದ್ದರು: "ಎಲ್ಲರೂ ರಕ್ತದ ಇಂಜೆಕ್ಷನ್ ಅನ್ನುತ್ತಾರೆ, ಇದು ನೀರಿನ ಹಾಗಿದೆಯಲ್ಲಪ್ಪ?"

ದೊಡ್ಡಮ್ಮನ ಪ್ರಶ್ನೆ ಸರಿಯಾದದ್ದೇ. ಅದರಲ್ಲಿರುವುದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನು. ಆಮ್ಲಜನಕ ಕಡಿಮೆಯಾದುದನ್ನು ಅರಿತ ಮೂತ್ರಪಿಂಡ ಇದನ್ನು ಸ್ರವಿಸಿ, ಕೆಂಪು ಕಣಗಳನ್ನು ತಯಾರಿಸುವಂತೆ ಮೂಳೆಯ ಮಜ್ಜೆಗೆ ಹೇಳಿ ಕಳಿಸುತ್ತದೆ. ಆರೋಗ್ಯವಂತರಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳು ಹುಟ್ಟುತ್ತವೆ. ಮೂತ್ರಪಿಂಡ ಸೋತರೆ ಆ ಕರೆಯೂ ಕ್ಷೀಣಿಸುತ್ತದೆ. 1977ರಲ್ಲಿ ವಿಜ್ಞಾನಿಗಳಾದ ಗೋಲ್ಡ್‌ವಾಸರ್, ಮಿಯಾಕೆ ಮತ್ತು ಸಂಗಡಿಗರು ರಕ್ತಹೀನತೆಯ ರೋಗಿಗಳ 2,550 ಲೀಟರ್ ಮೂತ್ರದಿಂದ ಇದನ್ನು ಬೇರ್ಪಡಿಸಿದರು. ಸಿಕ್ಕಿದ್ದು ಕೆಲವೇ ಮಿಲಿಗ್ರಾಂ!

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದರ ಇನ್ನೊಂದು ಕೆಲಸ: ಆಮ್ಲಜನಕದ ಪೆಟ್ಟಿನಿಂದ ಕೋಶಗಳನ್ನು ಕಾಯುವುದು. ಬದನೆಕಾಯಿ ಹೆಚ್ಚಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದೆ. ಅದಕ್ಕೇ ಅದನ್ನು ನೀರಿಗೆ ಹಾಕುತ್ತೇವೆ. ನಮ್ಮ ಜೀವಕೋಶಗಳೂ ಆಮ್ಲಜನಕದಿಂದಲೇ ಬದುಕಿ, ಅದರಿಂದಲೇ ಪೆಟ್ಟು ತಿನ್ನುತ್ತವೆ. ಉಸಿರಾಟದ ನಡುವೆ ಹುಟ್ಟುವ ಪುಂಡ ಅಣುಗಳು ಕೋಶದ ಪೊರೆಯನ್ನೂ ಡಿ.ಎನ್.ಎ.ಯನ್ನೂ ಕೆಡಿಸುತ್ತವೆ. ಯಾವುದಕ್ಕೂ ಅಂಟದೆ ಅಲೆಯುವ ಕಬ್ಬಿಣ ಜೊತೆಗೂಡಿದರೆ ಉರಿಗೆ ತುಪ್ಪ ಸುರಿದಂತೆ. ಈ ಹಾರ್ಮೋನು ಹೊಸ ಕಣಗಳನ್ನು ಕಟ್ಟಿಸುವಾಗ ಮಜ್ಜೆ ಆ ಕಬ್ಬಿಣವನ್ನು ಹಿಮೋಗ್ಲೋಬಿನ್‌ಗೆ ಬಳಸಿಕೊಳ್ಳುತ್ತದೆ. ಹುಟ್ಟಿದ ಕೆಂಪು ಕಣಗಳೂ ಬರಿಗೈಯಲ್ಲಿ ಬರುವುದಿಲ್ಲ; ಪುಂಡ ಅಣುಗಳನ್ನು ತಣ್ಣಗಾಗಿಸುವ ಕ್ಯಾಟಲೇಸ್, ಗ್ಲುಟಾಥಯೋನ್‌ಗಳನ್ನು ಒಡಲಲ್ಲಿ ಹೊತ್ತೇ ಬರುತ್ತವೆ. ಮೆದುಳು, ಹೃದಯಗಳ ಕೋಶಗಳಲ್ಲೂ ಈ ಹಾರ್ಮೋನನ್ನು ಗುರುತಿಸುವ ಗ್ರಾಹಕಗಳು ಕಂಡುಬಂದಿವೆ. ಪ್ರಯೋಗಾಲಯದಲ್ಲಿ ಇದನ್ನು ಕೊಟ್ಟಾಗ ಕೋಶಗಳು ತಮ್ಮದೇ ರಕ್ಷಕ ಕಿಣ್ವಗಳನ್ನು ಹೆಚ್ಚಿಸಿಕೊಂಡು, ಸಾಯಬೇಕಾದಲ್ಲಿ ಉಳಿದುಕೊಂಡಿವೆ.

ಹಾಗಾದರೆ ಮೆದುಳಿಗೆ ರಕ್ತ ನಿಂತು ಲಕ್ವ ಹೊಡೆದವರಿಗೂ ಕೊಡಬಹುದಲ್ಲ? ವಿಜ್ಞಾನಿಗಳು ಅದೇ ಆಸೆಯಿಂದ ಜರ್ಮನಿಯಲ್ಲಿ ಪರೀಕ್ಷಿಸಿದರು. 2009ರಲ್ಲಿ ಬಂದ ಫಲಿತಾಂಶ ಎದೆ ನಡುಗಿಸುವಂತಿತ್ತು: ಔಷಧ ಪಡೆದವರಲ್ಲಿ ಶೇ. 16.4 ಮಂದಿ, ಪಡೆಯದವರಲ್ಲಿ ಶೇ. 9 ಮಂದಿ ತೀರಿಕೊಂಡಿದ್ದರು. ಇಲಿಗಳಲ್ಲಿ ಕಂಡ ಭರವಸೆ ಮನುಷ್ಯರಲ್ಲಿ ಕೈಕೊಟ್ಟಿತು. ಮೂತ್ರಪಿಂಡದ ರೋಗಿಗಳಲ್ಲೂ ಹಿಮೋಗ್ಲೋಬಿನ್ನನ್ನು 13ರ ಮೇಲಕ್ಕೆ ಏರಿಸಹೊರಟಾಗ ಹೃದಯದ ತೊಂದರೆಗಳು ಹೆಚ್ಚಿದವು. ಆದ್ದರಿಂದಲೇ ವೈದ್ಯರು ಸಾಮಾನ್ಯವಾಗಿ 10, 11ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಪಕ್ಕದ ಹಾಸಿಗೆಯವರಿಗೆ ಎರಡು ಹಾಕಿದರೆಂದು ನೀವೂ ಎರಡು ಕೇಳಬೇಡಿ, ದಯವಿಟ್ಟು. ಕೇಳುವುದಾದರೆ ದೇಹದಲ್ಲಿನ ಕಬ್ಬಿಣದ ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಿ. ಕಬ್ಬಿಣದ ದಾಸ್ತಾನಿಲ್ಲದೆ ಈ ಇಂಜೆಕ್ಷನ್ ಕೆಲಸ ಮಾಡಲಾರದು, ಅತಿಯಾದ ಕಬ್ಬಿಣವೂ ಕೇಡೇ.

ಚುಚ್ಚುವ ಮುನ್ನ ರಕ್ತದೊತ್ತಡ ನೋಡಿಸಿಕೊಳ್ಳಿ, ಈ ಔಷಧ ಅದನ್ನು ಏರಿಸಬಲ್ಲದು. ಕಳೆದ ವಾರ ದೊಡ್ಡಮ್ಮನ ಒತ್ತಡ ಏರಿತ್ತು. ಈ ಸಲ ಬೇಡ ಎಂದರು ವೈದ್ಯರು. ದೊಡ್ಡಮ್ಮ ಅಲ್ಲೇ ಹೊಸ ಐಸ್ ಕೇಳಿ ಹಾಕಿಸಿಕೊಂಡು, ಫ್ಲಾಸ್ಕನ್ನು ಮತ್ತೆ ಮಡಿಲಲ್ಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಹೊರಟರು.