ಮೊದಲು ಮಂಚ, ಆಮೇಲೆ ಕೋಣೆ

ಎಲ್ಲರಿಗೂ ನಮಸ್ಕಾರ. ಮನೆಯ ನಕ್ಷೆ ಬರೆಸಲು ನನ್ನ ಬಳಿ ಬರುವವರು ಮೊದಲು ಒಪ್ಪಿಸುವುದು ಕೋಣೆಗಳ ಲೆಕ್ಕ: ಮಲಗಲು ಮೂರು, ದೊಡ್ಡ ಹಾಲ್, ದೇವರಿಗೊಂದು, ಕಾರಿಗೆ ಜಾಗ. ನಾನು ಕೇಳುವುದು ಒಂದೇ: ನಿಮ್ಮ ಮಂಚದ ಅಳತೆ ಎಷ್ಟು? ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಳೆದುಕೊಂಡು ಬನ್ನಿ ಎಂದು ಕಳುಹಿಸಿದರೆ ಕೆಲವರು ಮರಳಿ ಬರುವುದೇ ಇಲ್ಲ!

ಬೆಂಗಳೂರಿನಲ್ಲಿ ಮಧ್ಯಮ ವರ್ಗದ ಕನಸಿಗೆ ಒಂದು ಅಳತೆಯಿದೆ: ಮೂವತ್ತು-ನಲವತ್ತು. ಅಂದರೆ 1,200 ಚದರ ಅಡಿಯ ಸೈಟು. ಸುತ್ತಲೂ ಮೂರು ಅಡಿ ಬಿಟ್ಟೆವೆಂದು ಇಟ್ಟುಕೊಳ್ಳಿ. ನಿಜವಾಗಿ ಎಷ್ಟು ಬಿಡಬೇಕೆಂಬುದನ್ನು ನಿಮ್ಮ ಊರಿನ ನಿಯಮ ಹೇಳುತ್ತದೆ. ಉಳಿದದ್ದು 24ಕ್ಕೆ 34, ಒಟ್ಟು 816. ಒಂಬತ್ತು ಇಂಚಿನ ಹೊರಗೋಡೆ ಎದ್ದ ಕೂಡಲೇ ಅದರಲ್ಲಿ 85 ಚದರ ಅಡಿ ಇಟ್ಟಿಗೆಯ ಪಾಲು. ಹತ್ತು ಅಡಿ ಮೇಲೇರಲು ಏಳೇಳು ಇಂಚಿನ ಹದಿನೇಳು ಮೆಟ್ಟಿಲು ಬೇಕು. ನಡುವಿನ ತಿರುವೂ ಸೇರಿ ಮತ್ತೊಂದು 60 ಹೋಯಿತು. ಒಳಗೋಡೆಗಳನ್ನು ನಾನಿನ್ನೂ ಕಳೆದಿಲ್ಲ. ಕಾರನ್ನಂತೂ ಮುಟ್ಟಿಯೇ ಇಲ್ಲ.

ಈಗ ಆ ಮಂಚಕ್ಕೆ ಬರೋಣ. ಹತ್ತಕ್ಕೆ ಹತ್ತರ ಕೋಣೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಇಬ್ಬರು ಮಲಗುವ ಮಂಚ ಐದು ಅಡಿ ಅಗಲ, ಆರೂವರೆ ಅಡಿ ಉದ್ದ. ಬಟ್ಟೆಯ ಕಪಾಟಿನ ಆಳ ಎರಡು ಅಡಿ. ಕಪಾಟನ್ನು ಕಾಲ ಬುಡದ ಗೋಡೆಗೆ ಇಟ್ಟರೆ ನಡುವೆ ಉಳಿಯುವುದು ಒಂದೂವರೆ ಅಡಿ. ಸೀರೆ ತೆಗೆಯಬೇಕೆಂದರೆ ಮಂಚ ಹತ್ತಿ ಕೂರಬೇಕು. ಅದೇ ಕಪಾಟನ್ನು ಪಕ್ಕದ ಗೋಡೆಗೆ ತಂದರೆ ಮೂರು ಅಡಿ ಸಿಗುತ್ತದೆ. ಕೋಣೆ ಅಷ್ಟೇ, ಖರ್ಚೂ ಅಷ್ಟೇ. ಆದರೆ ಆ ಪಕ್ಕದ ಗೋಡೆಯ ನಡುವೆ ಬಾಗಿಲು ಕೊರೆದಿದ್ದರೆ ಮುಗಿಯಿತು. ಬಾಗಿಲು ಮೂಲೆಗೆ ಸರಿದಷ್ಟೂ ಗೋಡೆ ಇಡಿಯಾಗಿ ಸಿಗುತ್ತದೆ. ನಾಲ್ಕೂ ಗೋಡೆಗೆ ಬಾಗಿಲಿರುವ ಹಾಲ್‌ಗಳನ್ನು ನೋಡಿದ್ದೇನೆ. ಅವು ಹಾಲ್ ಅಲ್ಲ, ಬಸ್ ನಿಲ್ದಾಣ.

ಹಳೆಯ ತೊಟ್ಟಿಮನೆಗಳಲ್ಲಿ ಈ ತಾಪತ್ರಯವಿರಲಿಲ್ಲ. ನಡುಮನೆಯಲ್ಲೇ ಉಂಡು, ಅಲ್ಲೇ ಹಾಸಿಗೆ ಬಿಡಿಸಿ, ಬೆಳಿಗ್ಗೆ ಸುತ್ತಿಟ್ಟರೆ ಜಾಗ ಮತ್ತೆ ಖಾಲಿ. ನಾವು ಹಾಸಿಗೆಗೆ ಕಾಲು ಕೊಟ್ಟೆವು, ಅದು ಇಪ್ಪತ್ನಾಲ್ಕು ಗಂಟೆಯೂ ನಿಂತಲ್ಲೇ ನಿಂತಿದೆ.

ವಾಸ್ತುವಿನ ಜೊತೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆಗ್ನೇಯದ ಅಡುಗೆಮನೆಗೆ ಬೆಳಗಿನ ಬಿಸಿಲು ಸಿಗುತ್ತದೆ, ಒಳ್ಳೆಯದೇ. ನನ್ನ ತಕರಾರು ನೀರಿನದು. ಕೆಳಗಿನ ಬಚ್ಚಲಿನ ನೇರ ಮೇಲೆಯೇ ಮಹಡಿಯ ಬಚ್ಚಲಿರಲಿ. ಯಾರದೋ ಮಾತಿಗೆ ಅದನ್ನು ಊಟದ ಮೇಜಿನ ಮೇಲಕ್ಕೆ ಸರಿಸಿದರೆ, ಸೋರುವ ದಿನ ಎಲ್ಲಿ ಸೋರುತ್ತದೆಂದು ನಾನು ಹೇಳಬೇಕಾಗಿಲ್ಲ. ಪಡುವಣ ಗೋಡೆ ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿದು ರಾತ್ರಿ ಕಕ್ಕುತ್ತದೆ. ಮೆಟ್ಟಿಲು, ಬಚ್ಚಲು, ಕಪಾಟುಗಳನ್ನು ಆ ಕಡೆಗೆ ತಳ್ಳಿ, ತಲೆದಿಂಬನ್ನಲ್ಲ. ಅಲ್ಲಿ ಕಿಟಕಿ ಇಡಲೇಬೇಕಾದರೆ ಸಜ್ಜಾ ಅಗಲವಾಗಿರಲಿ, ಮುಂಗಾರಿನ ಎರಚಲೂ ಅದೇ ದಿಕ್ಕಿನದು.

ವಯಸ್ಸಾದವರಿದ್ದರೆ ನೆಲಮಹಡಿಯಲ್ಲಿ ಒಂದು ಕೋಣೆ, ಅದಕ್ಕೆ ಅಂಟಿಕೊಂಡು ಹೊಸ್ತಿಲಿಲ್ಲದ ಬಚ್ಚಲು. ಇದರಲ್ಲಿ ಮಾತ್ರ ನಾನು ಚೌಕಾಸಿಗೆ ಒಪ್ಪುವುದಿಲ್ಲ.

ಒಂದು ಕೆಲಸ ಹೇಳುತ್ತೇನೆ. ಗುದ್ದಲಿ ಪೂಜೆಗೆ ಮುನ್ನ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ನಿಜ ಅಳತೆಯಲ್ಲಿ ಎಳೆಸಿ. ನೋಡಿದ ಕೂಡಲೇ ಇಷ್ಟೇನಾ ಅನ್ನಿಸುತ್ತದೆ. ಬಯಲಲ್ಲಿ ಎಲ್ಲರಿಗೂ ಹಾಗೆಯೇ, ಹೆದರಬೇಡಿ. ಆಮೇಲೆ ಮನೆಮಂದಿಯೆಲ್ಲ ಅದರೊಳಗೆ ಒಂದು ಬೆಳಗನ್ನು ನಡೆದು ನೋಡಿ: ಎದ್ದಿರಿ, ಹಲ್ಲುಜ್ಜಿದಿರಿ, ಹಾಲಿನ ಪೊಟ್ಟಣ ತಂದಿರಿ, ಒಗೆದ ಬಟ್ಟೆ ಹೊತ್ತು ತಾರಸಿಗೆ ಹೊರಟಿರಿ. ಯಾರು ಯಾರಿಗೆ ಡಿಕ್ಕಿ ಹೊಡೆಯುತ್ತಾರೋ ಅಲ್ಲಿ ಗೆರೆ ಅಳಿಸಿ.

ನಕ್ಷೆ ತಂದಿರುವವರು ಇಲ್ಲಿ ಮೇಜಿನ ಮೇಲೆ ಹರಡಬಹುದು. ನನ್ನ ಬಳಿ ಪೆನ್ಸಿಲ್ ಇದೆ, ರಬ್ಬರ್ ಕೂಡ.