ಪಿಎಚ್ 0.3ರಷ್ಟು ಜಾರಿದರೆ ನರಕೋಶಕ್ಕೆ ಏನಾಗುತ್ತದೆ?

[ಪರದೆ: ಓಡುತ್ತಿರುವ ಇಇಜಿ ಗೆರೆಗಳು, ಮೂಲೆಯಲ್ಲಿ 3 ನಿಮಿಷದ ಟೈಮರ್]

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ತೆಗೆಯುವಾಗ ಟೆಕ್ನೀಷಿಯನ್ "ಮೂರು ನಿಮಿಷ ಜೋರಾಗಿ ಉಸಿರಾಡಿ" ಅನ್ನುತ್ತಾರೆ. ಆಬ್ಸೆನ್ಸ್ ಎಪಿಲೆಪ್ಸಿ (ಕೆಲವು ಕ್ಷಣ ಎಚ್ಚರ ತಪ್ಪುವ ಬಗೆಯ ಫಿಟ್ಸ್) ಇದ್ದು, ಇನ್ನೂ ಚಿಕಿತ್ಸೆ ಶುರುವಾಗದ ಮಗುವಾದರೆ, ಎಷ್ಟೋ ಸಲ ಆ ಮೂರು ನಿಮಿಷದೊಳಗೇ ಸೆಕೆಂಡಿಗೆ ಮೂರರಂತೆ ದೊಡ್ಡ ಅಲೆಗಳು ಏಳುತ್ತವೆ. ಮಗು ಕೆಲವು ಕ್ಷಣ ಕಣ್ಣು ನೆಟ್ಟು ಸುಮ್ಮನಾಗಿಬಿಡುತ್ತದೆ. ದೇಹದಿಂದ ಹೆಚ್ಚಾಗಿ ಹೊರಹೋದದ್ದು ಇಂಗಾಲದ ಡೈಆಕ್ಸೈಡ್ ಅಷ್ಟೇ. ಅದು ಇಳಿದರೆ ರಕ್ತ ಕ್ಷಾರದ ಕಡೆ ವಾಲುತ್ತದೆ, ಅದರ ಹಿಂದೆಯೇ ಮಿದುಳಿನ ದ್ರವವೂ. ಮಿದುಳಿನ ರಕ್ತನಾಳಗಳು ಕಿರಿದಾಗುವುದೂ ಇದರ ಜೊತೆಗಿದೆ, ಆದರೆ ಇವತ್ತಿನ ಮಾತು ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆಯ ಬಗ್ಗೆ: ಪ್ರೋಟಾನ್ (ಹೈಡ್ರೋಜನ್ ಅಯಾನು) ಹೆಚ್ಚಿದಷ್ಟೂ ಆಮ್ಲ, ಪಿಎಚ್ ಕಡಿಮೆ. ಅಂದಹಾಗೆ, ಫಿಟ್ಸ್ ಇರುವವರು ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ.

[ಪರದೆ: ಜೀವಕೋಶದ ಪೊರೆ. ಹೊರಗೆ 7.3, ಒಳಗೆ 7.1]

ನರಕೋಶದ ಹೊರಗೆ ಪಿಎಚ್ ಸುಮಾರು 7.3. ಅಂದರೆ ಲೀಟರಿಗೆ 50 ನ್ಯಾನೊಮೋಲ್ ಪ್ರೋಟಾನ್. ಒಳಗೆ ಸುಮಾರು 7.1, ಅಂದರೆ 80 ನ್ಯಾನೊಮೋಲ್. ಹೊರಗಿನ ಸೋಡಿಯಂ ಇದಕ್ಕಿಂತ ಸುಮಾರು 30 ಲಕ್ಷ ಪಟ್ಟು ಹೆಚ್ಚು. ಇಷ್ಟು ಕಡಿಮೆ ಇರುವ ಪ್ರೋಟಾನ್ ವಿದ್ಯುತ್ತನ್ನು ಹೊತ್ತು ಸಾಗಿಸಿ ಸಂಕೇತವನ್ನು ಬದಲಿಸುವುದಿಲ್ಲ. ಅದು ಮಾಡುವುದು ಬೇರೆ ಕೆಲಸ: ಪೊರೆಯಲ್ಲಿ ಅಯಾನುಗಳಿಗೆ ದಾರಿಯಾಗುವ ಚಾನೆಲ್ ಪ್ರೋಟೀನಿನ ಹಿಸ್ಟಿಡಿನ್‌ನಂಥ ಅಮೈನೊ ಆಮ್ಲಗಳಿಗೆ ಅಂಟಿಕೊಂಡು ಅವುಗಳ ವಿದ್ಯುದಾವೇಶ ಬದಲಿಸುತ್ತದೆ, ಚಾನೆಲ್‌ನ ನಡವಳಿಕೆಯೂ ಬದಲಾಗುತ್ತದೆ. ಇನ್ನೊಂದು ನೆನಪಿರಲಿ, ಪಿಎಚ್ ಲಾಗರಿದಮ್ ಅಳತೆ. 0.3 ಇಳಿಯಿತು ಅಂದರೆ ಪ್ರೋಟಾನ್ ಎರಡು ಪಟ್ಟಾಯಿತು.

[ಪರದೆ: ಸಿನಾಪ್ಸ್, ಎನ್‌ಎಂಡಿಎ ರಿಸೆಪ್ಟರ್ ದೊಡ್ಡದಾಗಿ]

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಗ್ಲುಟಮೇಟ್ (ಒಂದು ನರಕೋಶ ಇನ್ನೊಂದನ್ನು ಕೆರಳಿಸಲು ಬಿಡುವ ರಾಸಾಯನಿಕ, ಅಂದರೆ ನರವಾಹಕ) ಬಂದಾಗ ತೆರೆಯುವ ಚಾನೆಲ್, ಎನ್‌ಎಂಡಿಎ ರಿಸೆಪ್ಟರ್. ಪ್ರೋಟಾನ್ ಇದನ್ನು ತಡೆಯುತ್ತದೆ. ಈ ತಡೆ ಅರ್ಧದಷ್ಟಿರುವ ಪಿಎಚ್ ಯಾವುದು ಗೊತ್ತೇ? ಹೆಚ್ಚುಕಡಿಮೆ 7.3. ಮಿದುಳಿನ ಸಾಮಾನ್ಯ ಪಿಎಚ್ಚೇ! ಆರೋಗ್ಯವಂತ ಮಿದುಳಿನಲ್ಲೂ ಈ ರಿಸೆಪ್ಟರ್ ಸುಮಾರು ಅರ್ಧ ಶಕ್ತಿಯಲ್ಲೇ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಸ್ವಲ್ಪ ಕ್ಷಾರವಾದರೂ ಪ್ರವಾಹ ಏರುತ್ತದೆ, ಸ್ವಲ್ಪ ಆಮ್ಲವಾದರೂ ಇಳಿಯುತ್ತದೆ. ಕ್ಯಾಲ್ಸಿಯಂ ಚಾನೆಲ್‌ಗಳೂ ಆಮ್ಲದಲ್ಲಿ ಕುಗ್ಗುತ್ತವೆ. ಕ್ಯಾಲ್ಸಿಯಂ ಒಳಬರುವುದು ಕಡಿಮೆಯಾದರೆ ನರವಾಹಕ ಬಿಡುಗಡೆಯೂ ಕಡಿಮೆ.

2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಮರಿಗಳ ಮೈ ಬಿಸಿ ಮಾಡಿದಾಗ ಅವು ವೇಗವಾಗಿ ಉಸಿರಾಡಿ, ಮಿದುಳು ಕ್ಷಾರವಾಗಿ, ಫಿಟ್ಸ್ ಬಂತು. ಉಸಿರಾಡುವ ಗಾಳಿಗೆ 5% ಇಂಗಾಲದ ಡೈಆಕ್ಸೈಡ್ ಸೇರಿಸಿದಾಗ ಫಿಟ್ಸ್ ನಿಂತಿತು.

[ಪರದೆ: ಎಎಸ್‌ಐಸಿ ಚಾನೆಲ್, ಪಿಎಚ್ ಇಳಿಯುತ್ತಿರುವ ಮುಳ್ಳು]

ಹಾಗಾದರೆ ಆಮ್ಲ ಅಂದರೆ ಬರೀ ಬ್ರೇಕ್? ಅಲ್ಲ. ಎಎಸ್‌ಐಸಿ ಎಂಬ ಚಾನೆಲ್‌ಗಳು ಆಮ್ಲ ಬಂದಾಗಲೇ ತೆರೆಯುತ್ತವೆ, ಸೋಡಿಯಂ ಒಳನುಗ್ಗುತ್ತದೆ. ಉರಿಯೂತದ ಜಾಗದಲ್ಲಿ ನೋವಿನ ನರಗಳು ಕೆರಳುವುದರಲ್ಲಿ ಇವುಗಳ ಪಾಲಿದೆ. ಸ್ಟ್ರೋಕ್ ಆದಾಗ ಪಿಎಚ್ 6.5ರ ಆಸುಪಾಸಿಗೆ ಇಳಿದು, ಇವುಗಳ ಒಂದು ಬಗೆಯ ಮೂಲಕ ಕ್ಯಾಲ್ಸಿಯಂ ಕೂಡ ಒಳಸೇರಿ ಜೀವಕೋಶಕ್ಕೆ ಹಾನಿ ಮಾಡುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಪಿಎಚ್ ದಿಢೀರನೆ ಇಳಿದರೆ ಮಾತ್ರ ಇವು ಚೆನ್ನಾಗಿ ತೆರೆಯುತ್ತವೆ. ನಿಧಾನವಾಗಿ ಇಳಿದರೆ ತೆರೆಯುವ ಮೊದಲೇ ಬಹುಪಾಲು ಜಡವಾಗಿಬಿಡುತ್ತವೆ.

[ಪರದೆ: ಪೊರೆಯ ಕ್ಯಾಲ್ಸಿಯಂ ಪಂಪ್, ಬಾಣಗಳು]

ನರಕೋಶ ತಾನಾಗಿಯೂ ಪಿಎಚ್ ಬದಲಿಸುತ್ತದೆ. ಅದು ಬಿರುಸಾಗಿ ಸಂಕೇತ ಕಳಿಸಿದಾಗ ಕ್ಯಾಲ್ಸಿಯಂ ಒಳಬರುತ್ತದೆ. ಪೊರೆಯ ಪಂಪ್ ಕ್ಯಾಲ್ಸಿಯಂ ಹೊರಹಾಕಿ, ಬದಲಿಗೆ ಪ್ರೋಟಾನನ್ನು ಒಳಗೆಳೆಯುತ್ತದೆ. ಒಳಗೆ ಆಮ್ಲ, ಹೊರಗೆ ಕ್ಷಣಕಾಲ ಕ್ಷಾರ. ಚಟುವಟಿಕೆ ಮುಂದುವರಿದರೆ ಲ್ಯಾಕ್ಟೇಟ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿ ಹೊರಗೂ ಆಮ್ಲವಾಗುತ್ತದೆ. ಅದಕ್ಕೇ "ಪಿಎಚ್ ಬದಲಾಯಿತು" ಅಂದವರನ್ನು ಎಲ್ಲಿ, ಒಳಗೋ ಹೊರಗೋ ಅಂತ ಮೊದಲು ಕೇಳಬೇಕು.

[ಪರದೆ: ಮಿದುಳಿನ ತುಣುಕಿನ ಪಾತ್ರೆ, ಗ್ಯಾಸ್ ಗುಳ್ಳೆಗಳು]

ಲ್ಯಾಬ್‌ನಲ್ಲಿ ಒಳಗಿನ, ಹೊರಗಿನ ಬದಲಾವಣೆಯನ್ನು ಬೇರ್ಪಡಿಸುವುದು ಹೀಗೆ. ಮಿದುಳಿನ ತುಣುಕನ್ನು 26 ಮಿಲಿಮೋಲಾರ್ ಬೈಕಾರ್ಬೊನೇಟ್ ದ್ರಾವಣದಲ್ಲಿಟ್ಟು, 95% ಆಮ್ಲಜನಕ, 5% ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಪಿಎಚ್ 7.4ರ ಹತ್ತಿರ ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡನ್ನು 10%ಕ್ಕೆ ಏರಿಸಿದರೆ ದ್ರಾವಣದ ಪಿಎಚ್ 0.3 ಇಳಿಯುತ್ತದೆ, ಆದರೆ ನರಕೋಶದ ಒಳಗೂ ಪಿಎಚ್ ಇಳಿಯುತ್ತದೆ. ಒಳಗೆ ಮಾತ್ರ ಬೇಕಾದರೆ ಹೊರಗಿನ ಪಿಎಚ್ ಬದಲಿಸದೆ 20 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ ಕೆಲವು ನಿಮಿಷ ಹರಿಸಿ, ಅಷ್ಟೇ ಪ್ರಮಾಣದ ಸೋಡಿಯಂ ಕ್ಲೋರೈಡ್ ಕಡಿಮೆ ಮಾಡಿ. ಅಮೋನಿಯಾ ಒಳಹೋಗಿ ಪ್ರೋಟಾನ್ ಹಿಡಿಯುತ್ತದೆ, ಒಳಗೆ ಕ್ಷಾರವಾಗುತ್ತದೆ. ತೊಳೆದಾಗ ಅಮೋನಿಯಾ ಓಡಿಹೋಗಿ ಪ್ರೋಟಾನ್ ಒಳಗೇ ಉಳಿಯುತ್ತದೆ, ಪಿಎಚ್ ಮೊದಲಿಗಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಅದು ಎಷ್ಟು ಬೇಗ ಮೇಲೇರುತ್ತದೆ ಅನ್ನುವುದು ಸೋಡಿಯಂ-ಪ್ರೋಟಾನ್ ವಿನಿಮಯಕಾರಿಯಂಥ ಪೊರೆಯ ವಾಹಕಗಳ ಶಕ್ತಿಯನ್ನು ತೋರಿಸುತ್ತದೆ.

ಎಡವಟ್ಟಾಗುವುದು ಚಿಕ್ಕ ವಿಷಯಗಳಲ್ಲೇ. ಗ್ಯಾಸ್ ನಳಿಗೆ ಕಟ್ಟಿಕೊಂಡರೆ ಡೈಆಕ್ಸೈಡ್ ಹಾರಿಹೋಗಿ ದ್ರಾವಣ ಕ್ಷಾರವಾಗುತ್ತದೆ, ತುಣುಕಿನ ನರಕೋಶಗಳು ವಿಪರೀತ ಸಂಕೇತ ಕಳಿಸುತ್ತವೆ, ನೀವು ಅದನ್ನು ಔಷಧದ ಪರಿಣಾಮ ಅಂದುಕೊಳ್ಳುತ್ತೀರಿ. ಬೈಕಾರ್ಬೊನೇಟ್ ಬಿಟ್ಟು ಹೆಪೀಸ್ ಎಂಬ ಬಫರ್ (ಪಿಎಚ್ ಸ್ಥಿರವಾಗಿಡುವ ರಾಸಾಯನಿಕ) ಹಾಕಿದರೆ ಬೈಕಾರ್ಬೊನೇಟ್ ಸಾಗಿಸುವ ವಾಹಕಗಳಿಗೆ ಕೆಲಸವೇ ಇಲ್ಲದಂತಾಗುತ್ತದೆ. ಅದನ್ನು 25 ಡಿಗ್ರಿಯಲ್ಲಿ 7.4ಕ್ಕೆ ಹೊಂದಿಸಿ 35 ಡಿಗ್ರಿಯಲ್ಲಿ ಬಳಸಿದರೆ ಪಿಎಚ್ 0.1ಕ್ಕಿಂತ ಹೆಚ್ಚು ಇಳಿದಿರುತ್ತದೆ. ಪಾತ್ರೆಯ ಪಿಎಚ್ಚನ್ನು ಮಾತ್ರ ಅಳೆದರೂ ಸಾಲದು, ತುಣುಕಿನ ಮಧ್ಯಭಾಗ ಅದಕ್ಕಿಂತ ಆಮ್ಲೀಯವಾಗಿರುತ್ತದೆ. ಪಿಎಚ್ ಎಲೆಕ್ಟ್ರೋಡ್‌ನ ತುದಿಯನ್ನು ನೀವು ರೆಕಾರ್ಡ್ ಮಾಡುತ್ತಿರುವ ಆಳಕ್ಕೇ ಇಳಿಸಿ.