ಗೆರೆಗೆ ಗೆರೆ ಕೂಡಬೇಕು: ನನ್ನ ಟಾರ್ಟನ್ ಸ್ಕರ್ಟ್, ನನ್ನ ಕಾರ್ಸೆಟ್

ಮೇಜಿನ ಮೇಲೆ ಹರಡಿರುವ ಈ ಬಟ್ಟೆ ನೋಡಿ. ಕಡುನೀಲಿ, ಹಸಿರು, ಕಪ್ಪು. ಬ್ಲ್ಯಾಕ್ ವಾಚ್ ಟಾರ್ಟನ್. ಟಾರ್ಟನ್ ಅಂದರೆ ಸ್ಕಾಟ್ಲೆಂಡಿನ ಚೌಕಳಿ ಬಟ್ಟೆ, ಬ್ಲ್ಯಾಕ್ ವಾಚ್ ಅದರಲ್ಲೊಂದು ವಿನ್ಯಾಸ. ಶುದ್ಧ ಉಣ್ಣೆ, ಮೂರು ಗಜ. ಇನ್ನೂ ಕತ್ತರಿ ಹಾಕಿಲ್ಲ. ಮೂರು ದಿನದಿಂದ ಹರಡುತ್ತೇನೆ, ಅಳೆಯುತ್ತೇನೆ, ಮತ್ತೆ ಮಡಚಿಡುತ್ತೇನೆ.

ನಾನಿರುವುದು ಎಡಿನ್‌ಬರೋದ ಲೀತ್‌ನಲ್ಲಿ. ಜನವರಿ 25ಕ್ಕೆ ಇಲ್ಲಿ ಬರ್ನ್ಸ್ ನೈಟ್, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನದ ಹಬ್ಬ. ಊಟ ಮುಗಿದ ಮೇಲೆ ಕೇಯ್ಲಿ, ಅಂದರೆ ಎಲ್ಲರೂ ಸೇರಿ ಕುಣಿಯುವ ಕುಣಿತ. ಅದಕ್ಕೆ ಒಂದು ನೆರಿಗೆ ಸ್ಕರ್ಟ್, ಮೇಲೆ ಬಿಳಿ ಹತ್ತಿ ಶರ್ಟು, ಶರ್ಟಿನ ಮೇಲೆ ಎದೆಯ ಕೆಳಗಿನಿಂದ ಸೊಂಟದ ಕೆಳಗಿನವರೆಗೆ ಬರುವ, ಹಿಂದೆ ದಾರ ಬಿಗಿದು ಕಟ್ಟುವ ಕಾರ್ಸೆಟ್. ಎರಡನ್ನೂ ನಾನೇ ಹೊಲಿಯುತ್ತಿದ್ದೇನೆ.

ಕಳೆದ ವರ್ಷವೂ ಹೊಲಿಯಲು ಕೂತಿದ್ದೆ. ಆಗ ತಂದದ್ದು ಬ್ಯುಕ್ಯಾನನ್ ಟಾರ್ಟನ್. ಹಳದಿ, ಕೆಂಪು, ಹಸಿರು. ಇಳಕಲ್ ಕಡೆಯವಳಿಗೆ ಅಂಥ ಬಣ್ಣ ಕಂಡರೆ ಕೈ ತಾನಾಗಿ ಹೋಗುತ್ತದೆ. ಮನೆಗೆ ತಂದು, ಬಟ್ಟೆಯನ್ನು ಎರಡು ಪದರ ಮಡಚಿ, ಮೇಲೆ ಪೇಪರ್ ಇಟ್ಟು ಕತ್ತರಿಸಿಬಿಟ್ಟೆ. ಬಲಗಡೆಯ ತುಂಡು, ಎಡಗಡೆಯ ತುಂಡು ಪಕ್ಕಪಕ್ಕ ಇಟ್ಟು ನೋಡಿದೆ. ಬಲಗಡೆ ಹಳದಿ ಬಂದಲ್ಲಿ ಎಡಗಡೆ ಹಸಿರು. ಎಷ್ಟು ತಿರುಗಿಸಿದರೂ ಕೂಡಲಿಲ್ಲ. ಅವತ್ತು ತುಂಬಾ ಬೇಜಾರಾಯಿತು.

ಕಾರಣ ಆಮೇಲೆ ತಿಳಿಯಿತು. ಟಾರ್ಟನ್‌ನಲ್ಲಿ ಗೆರೆಗಳ ಒಂದು ಲೆಕ್ಕ ಇರುತ್ತದೆ. ಇಷ್ಟು ಎಳೆ ನೀಲಿ, ಇಷ್ಟು ಎಳೆ ಕಪ್ಪು, ಇಷ್ಟು ಹಸಿರು, ಹೀಗೆ. ಆ ಇಡೀ ಲೆಕ್ಕಕ್ಕೆ ‘ಸೆಟ್’ ಅನ್ನುತ್ತಾರೆ. ಹಾಸಿನಲ್ಲಿ ಯಾವ ಲೆಕ್ಕವೋ, ಸಾಮಾನ್ಯವಾಗಿ ಹೊಕ್ಕಿನಲ್ಲೂ ಅದೇ. ನೀಲಿ ಎಳೆ ನೀಲಿಯ ಮೇಲೆ ಹಾದಾಗ ಅಚ್ಚ ನೀಲಿ, ಹಸಿರಿನ ಮೇಲೆ ಹಾದಾಗ ಎರಡೂ ಬೆರೆತ ಛಾಯೆ. ನಾಲ್ಕೇ ಬಣ್ಣದ ನೂಲಿನಿಂದ ಹತ್ತು ಛಾಯೆ ಬರುವುದು ಹೀಗೆ. ಹೆಚ್ಚಿನ ಟಾರ್ಟನ್‌ಗಳಲ್ಲಿ ಗೆರೆಗಳು ಒಂದು ಜಾಗಕ್ಕೆ ಬಂದು, ಅಲ್ಲಿಂದ ಕನ್ನಡಿಯಲ್ಲಿ ಕಂಡಂತೆ ಹಿಂದಕ್ಕೆ ತಿರುಗುತ್ತವೆ. ಬ್ಯುಕ್ಯಾನನ್ ಹಾಗಲ್ಲ. ಅದರ ಗೆರೆಗಳು ಒಂದೇ ದಿಕ್ಕಿಗೆ ಸಾಗುತ್ತಾ ಹೋಗುತ್ತವೆ. ಅದನ್ನು ಎಲ್ಲಿ ಮಡಚಿದರೂ ಮೇಲಿನ ಗೆರೆ ಕೆಳಗಿನ ಗೆರೆಯ ಮೇಲೆ ಕೂರುವುದಿಲ್ಲ.

ಹಾಗಾಗಿ ಟಾರ್ಟನ್ ಕೊಳ್ಳುವ ಯಾರಿಗಾದರೂ ನಾನು ಹೇಳುವುದು ಇದನ್ನೇ. ಬಣ್ಣ ಆಮೇಲೆ ನೋಡಿ. ಮೊದಲು ಟೇಪು ಹಿಡಿದು ಸೆಟ್ ಅಳೆಯಿರಿ. ಗೆರೆ ಎಲ್ಲಿ ತಿರುಗುತ್ತದೆ ಅಂತ ಹುಡುಕಿ. ತಿರುಗುತ್ತದೋ ಇಲ್ಲವೋ ಅಂತ ನೋಡಿ.

ಅಂಗಡಿಯಲ್ಲಿ ‘ಏನ್ಶಿಯಂಟ್’ ಅಂತ ಚೀಟಿ ಇದ್ದರೆ ಅದು ಪುರಾತನ ವಿನ್ಯಾಸ ಅಂತಲ್ಲ. ಹಳೆಯ ಗಿಡಮೂಲಿಕೆ ಬಣ್ಣದ ಹಾಗೆ ಕಾಣುವ ತಿಳಿಬಣ್ಣದ ನೂಲು, ಅಷ್ಟೇ. ‘ಮಾಡರ್ನ್’ ಅಂದರೆ ಅದೇ ವಿನ್ಯಾಸ, ಗಾಢ ಬಣ್ಣದಲ್ಲಿ. ‘ಡ್ರೆಸ್’ ಅಂದರೆ ಬಿಳಿ ಜಾಸ್ತಿ ಇರುವುದು. ಇನ್ನು, ಇಲ್ಲಿನ ಹಲವು ವಂಶಗಳಿಗೆ ತಮ್ಮದೇ ಹೆಸರಿನ ಟಾರ್ಟನ್ ಇದೆ. ನಮ್ಮದಲ್ಲದ ವಂಶದ ಟಾರ್ಟನ್ ಉಡಬಹುದಾ ಅಂತ ಹಲವರು ಕೇಳುತ್ತೀರಿ. ಉಡಬಹುದು, ತಡೆಯುವ ಕಾನೂನು ಯಾವುದೂ ಇಲ್ಲ. ಬಾಲ್ಮೋರಲ್ ಟಾರ್ಟನ್ ಮಾತ್ರ ರಾಜಮನೆತನಕ್ಕೆ ಅಂತ ಬಿಟ್ಟಿರುತ್ತಾರೆ. ಬ್ಲ್ಯಾಕ್ ವಾಚ್ ಸೈನ್ಯದ ತುಕಡಿಯ ಹೆಸರು ಹೊತ್ತ ಬಟ್ಟೆ. ಇವತ್ತು ಎಲ್ಲರೂ ಉಡುತ್ತಾರೆ.

ಸೈನ್ಯ ಅಂದಾಗ ಒಂದು ವಿಷಯ ಹೇಳಲೇಬೇಕು. 1746ರಲ್ಲಿ ಬ್ರಿಟಿಷ್ ಸರ್ಕಾರ ಹೈಲ್ಯಾಂಡ್, ಅಂದರೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಉಡುಪನ್ನು ನಿಷೇಧಿಸಿತು. ದಂಗೆಯೆದ್ದವರನ್ನು ಬಗ್ಗಿಸಲು ಅವರ ಬಟ್ಟೆಗೇ ಕೈ ಹಾಕಿದರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. 1782ರವರೆಗೆ ಆ ಕಾನೂನು ಇತ್ತು. ಆದರೆ ಅದರಲ್ಲಿ ಬರೆದಿದ್ದದ್ದು ಗಂಡಸರು ಮತ್ತು ಹುಡುಗರು ಅಂತ. ಹೆಂಗಸರ ಹೆಸರೇ ಇಲ್ಲ! ಆಗಿನ ಹೆಂಗಸರು ‘ಅರಿಸೇಡ್’ ಅನ್ನುವ ಉದ್ದನೆಯ ಹೊದಿಕೆ ಹೊದ್ದು, ಸೊಂಟಕ್ಕೆ ಬೆಲ್ಟು ಕಟ್ಟುತ್ತಿದ್ದರು. ಟಾರ್ಟನ್ ಅಂದರೆ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಕಿಲ್ಟ್ ಅಂತಲೇ ಎಲ್ಲರೂ ಅಂದುಕೊಳ್ಳುತ್ತೇವೆ ಅಲ್ವಾ? ಅದನ್ನು ಓದಿದ ಮೇಲೆ ಈ ಬಟ್ಟೆಯನ್ನು ಮುಟ್ಟುವಾಗ ನನಗೆ ಬೇರೆಯೇ ಭಾವನೆ.

ಸರಿ, ಕೆಲಸಕ್ಕೆ ಬರೋಣ. ನನ್ನ ಬಟ್ಟೆಯ ಸೆಟ್ 5 ಇಂಚು. ತೂಕ ಗಜಕ್ಕೆ 11 ಔನ್ಸ್. ಗಂಡಸರ ಕಿಲ್ಟ್‌ಗೆ 13, 16 ಔನ್ಸ್ ಬಟ್ಟೆ ಬಳಸುತ್ತಾರೆ. ಅದು ಚೆನ್ನಾಗಿ ಬೀಳುತ್ತದೆ ನಿಜ, ಆದರೆ ಅದರಲ್ಲಿ ಕಾರ್ಸೆಟ್ ಹೊಲಿದರೆ ಹೊಲಿಗೆಯೆಲ್ಲ ದಪ್ಪ ದಪ್ಪ.

ಕೊನೆಗೂ ಕತ್ತರಿ ಎತ್ತಿದೆ. ಸ್ಕರ್ಟಿಗೆ ಎರಡೂಕಾಲು ಗಜ ತೆಗೆದು, ಉದ್ದಕ್ಕೆ ಸರಿಯಾಗಿ ಅರ್ಧ ಸೀಳಿದೆ. ಎರಡು ಪಟ್ಟಿ ಕೂಡಿಸಿದರೆ ನಾಲ್ಕೂವರೆ ಗಜ. ಬಟ್ಟೆಯ ಅಂಚೇ ಸ್ಕರ್ಟಿನ ಕೆಳತುದಿ, ಮಡಿಸಿ ಹೊಲಿಯುವ ಕೆಲಸವೇ ಇಲ್ಲ. ಹಿಂದೆ 22 ನೆರಿಗೆ. ಪ್ರತಿ ನೆರಿಗೆಯೊಳಗೆ ಒಂದು ಪೂರ್ತಿ ಸೆಟ್ ಹೋಗುತ್ತದೆ, ಹೊರಗೆ ಕಾಣುವುದು ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ. ಪ್ರತಿ ನೆರಿಗೆಯಲ್ಲೂ ಅದೇ ಗೆರೆ ಹೊರಗೆ ಬರುವ ಹಾಗೂ ಮಡಚಬಹುದು. ನಾನು ಮಾಡಿದ್ದು ಇನ್ನೊಂದು ವಿಧಾನ. ನೆರಿಗೆ ಹಾಕಿದ ಮೇಲೂ ಮುಂದಿನ ಚೌಕಳಿಯೇ ಹಿಂದೆಯೂ ಕಾಣಬೇಕು. ಕುಣಿಯುವಾಗ ನೆರಿಗೆ ಬಿಚ್ಚಿಕೊಂಡು ಒಳಗಿನ ಬಣ್ಣ ಹೊಳೆದು, ನಿಂತಾಗ ಮತ್ತೆ ಚೌಕ ಕೂಡಿಕೊಳ್ಳುತ್ತದೆ. ಅದಕ್ಕಾಗಿಯೇ ಈ ವಾರವೆಲ್ಲ ಕೈಹೊಲಿಗೆ.

ಈಗ ಕಾರ್ಸೆಟ್. ಇದರ ಬಗ್ಗೆ ಎಲ್ಲರಿಗೂ ಭಯ. ಉಸಿರು ಕಟ್ಟುತ್ತದೆ, ಪಕ್ಕೆಲುಬು ಒತ್ತುತ್ತದೆ ಅಂತ. ತಪ್ಪು ಅಳತೆಯದು ತೊಟ್ಟರೆ ಖಂಡಿತ ಒತ್ತುತ್ತದೆ. ನನ್ನ ಸೊಂಟ 30. ಕಟ್ಟಿದಾಗ 28 ಆದರೆ ಸಾಕು, ಕುಣಿಯಬೇಕಲ್ಲ. ಹಿಂದೆ ದಾರ ಕಟ್ಟುವಲ್ಲಿ 2 ಇಂಚು ತೆರವು ಬಿಡುತ್ತೇನೆ. ಹಾಗಾಗಿ ಹೊಲಿದ ಬಟ್ಟೆಯ ಸೊಂಟ 26. ಬರೀ ಸೊಂಟದ ಅಳತೆ ನೋಡಿ ರೆಡಿಮೇಡ್ ಕೊಳ್ಳಬೇಡಿ. ಎದೆಯ ಕೆಳಗೆ, ಸೊಂಟದ ಕೆಳಗೆ ಎಷ್ಟಿದೆ ಅಂತ ಕೇಳಿ. ಒತ್ತುವುದು, ನೋಯುವುದು ಅಲ್ಲೇ.

ಟಾರ್ಟನ್ ಇಲ್ಲಿ ಬರೀ ಮೇಲಿನ ಪದರ. ಉಣ್ಣೆ ಎಳೆದರೆ ಹಿಗ್ಗುತ್ತದೆ, ಬಿಗಿ ತಡೆಯುವುದಿಲ್ಲ. ಅದಕ್ಕೇ ಕೆಳಗೆ ‘ಕುಟಿಲ್’ ಅನ್ನುವ ಒತ್ತು ನೇಯ್ಗೆಯ ಹತ್ತಿ ಬಟ್ಟೆ. ಬೆರಳಲ್ಲಿ ಎಳೆದು ನೋಡಿ, ಒಂದಿಷ್ಟೂ ಜಗ್ಗುವುದಿಲ್ಲ. ಸೊಂಟದ ಸುತ್ತ ಒಳಗಿನಿಂದ ಒಂದು ಗಟ್ಟಿ ಪಟ್ಟಿ. ಹಿಂದಿನ ತೂತುಗಳ ಪಕ್ಕ ಚಪ್ಪಟೆ ಉಕ್ಕಿನ ಕಡ್ಡಿ, ಬಾಗುವ ಕಡೆ ಸುರುಳಿ ಉಕ್ಕಿನ ಕಡ್ಡಿ. ಹಿಂದಿನ ಕಾಲದಲ್ಲಿ ಈ ಜಾಗದಲ್ಲಿ ತಿಮಿಂಗಿಲದ ‘ಬೋನ್’ ಹಾಕುತ್ತಿದ್ದರು. ಹೆಸರಿಗೆ ಬೋನ್, ನಿಜಕ್ಕೆ ಎಲುಬಲ್ಲ. ತಿಮಿಂಗಿಲ ತನ್ನ ಬಾಯಲ್ಲಿ ಆಹಾರ ಸೋಸಿಕೊಳ್ಳುವ ಪಟ್ಟಿ. ತೂತು ಮಾಡಲು ಬಟ್ಟೆ ಕತ್ತರಿಸಬೇಡಿ. ದಬ್ಬಳದಿಂದ ಎಳೆಗಳನ್ನು ಪಕ್ಕಕ್ಕೆ ಸರಿಸಿ ಐಲೆಟ್, ಅಂದರೆ ಲೋಹದ ಸಣ್ಣ ಬಳೆ ಕೂರಿಸಿ, ಆಗ ಕಿತ್ತು ಬರುವುದಿಲ್ಲ.

ಕಾರ್ಸೆಟ್‌ಗೆ ಹತ್ತು ತುಂಡು. ಹತ್ತರಲ್ಲೂ ಗೆರೆ ಕೂಡಿಸಲು ಆಗುವುದಿಲ್ಲ. ಸೊಂಟದ ಹತ್ತಿರ ತುಂಡು ಕಿರಿದಾಗುತ್ತದೆ, ಗೆರೆ ಅಲ್ಲಿ ಮುರಿಯಲೇಬೇಕು. ನಾನು ಮುಂದಿನ ಎರಡು ತುಂಡನ್ನು ಮಾತ್ರ ನೇರಕ್ಕೆ ಕತ್ತರಿಸಿದೆ, ಒಂದೊಂದಾಗಿ, ಒಂದೇ ಪದರದಲ್ಲಿ. ಅಗಲದ ನೀಲಿ ಪಟ್ಟಿಯ ನಡು, ಅಂದರೆ ಗೆರೆ ತಿರುಗುವ ಜಾಗ, ಮುಂದಿನ ಉಕ್ಕಿನ ಕೊಂಡಿಪಟ್ಟಿಯ ಅಂಚಿಗೆ ಸರಿಯಾಗಿ. ಪಕ್ಕದ ತುಂಡುಗಳನ್ನು ಕ್ರಾಸ್ ಕಟಿಂಗ್ ಮಾಡಿದೆ. ಅಲ್ಲಿ ಚೌಕಗಳು ವಜ್ರದ ಹಾಗೆ ಓರೆಯಾಗಿ ನಿಲ್ಲುತ್ತವೆ. ಗೆರೆ ಕೂಡಲಿಲ್ಲ ಅಂತ ಯಾರಿಗೂ ಅನಿಸುವುದಿಲ್ಲ, ಸೊಂಟವೂ ಸಣ್ಣಗೆ ಕಾಣುತ್ತದೆ.

ಈ ಬುದ್ಧಿ ನನಗೆ ಬಂದದ್ದು ನಮ್ಮವ್ವನಿಂದ. ಅವ್ವ ಗುಳೇದಗುಡ್ಡದ ಖಣದಲ್ಲಿ ಅಜ್ಜಿಗೆ ಕುಬಸ ಹೊಲಿಯುತ್ತಿದ್ದಳು. ಮುಂದೆ ಗಂಟು ಹಾಕುವ ಕುಬಸ, ಅದೂ ಮೈಗೆ ಬಿಗಿಯಾಗಿಯೇ ಇರಬೇಕು. ಖಣದ ತುಂಡು ಚಿಕ್ಕದು. ಅಂಚು ತೋಳಿನ ತುದಿಗೇ ಬರಬೇಕು. ಅವ್ವ ಕತ್ತರಿ ಎತ್ತುವ ಮೊದಲು ತುಂಡನ್ನು ಅಜ್ಜಿಯ ಮೈಮೇಲೆ ಇಟ್ಟು, ಸರಿಸಿ, ಮತ್ತೆ ಇಟ್ಟು, ಎಷ್ಟೋ ಹೊತ್ತು ನೋಡುತ್ತಿದ್ದಳು. ಆಗ ನನಗೆ ತಾಳ್ಮೆ ಇರಲಿಲ್ಲ.

ಇದು ಬರ್ನ್ಸ್ ನೈಟ್‌ನ ವಿಡಿಯೋ. ಸ್ಟ್ರಿಪ್ ದಿ ವಿಲೋ ಕುಣಿತ. ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿದು ಸಾಲಿನ ಉದ್ದಕ್ಕೂ ಸುತ್ತುತ್ತಾ ಹೋಗಬೇಕು. ಉಸಿರು ಸರಾಗ. ಅದಕ್ಕೂ ಮೊದಲು ಒಂದು ವಾರ, ದಿನಕ್ಕೆ ಎರಡು ಗಂಟೆ ಸಡಿಲವಾಗಿ ತೊಟ್ಟು ಕಾರ್ಸೆಟ್‌ನ್ನು ಮೈಗೆ ಒಗ್ಗಿಸಿದ್ದೆ. ನೆರಿಗೆ ನೋಡಿ, ನೋಡಿ! ಈಗ ಬಿಚ್ಚಿತು, ಈಗ ಕೂಡಿತು.

ಮನೆಗೆ ಬಂದಾಗ ರಾತ್ರಿ ಒಂದು ಗಂಟೆ. ಇಳಕಲ್‌ನಲ್ಲಿ ಆಗಲೇ ಬೆಳಗು, ಅವ್ವ ಎದ್ದಿದ್ದಳು. ವಿಡಿಯೋ ಕಾಲ್ ಮಾಡಿದೆ. ‘ಚಂದ ಐತಿ’ ಅಂದಳು. ಆಮೇಲೆ, ‘ಎಲ್ಲಿ, ಪಕ್ಕದ ಹೊಲಿಗಿ ತೋರಸು’ ಅಂದಳು.

ಫೋನನ್ನು ಸೊಂಟದ ಹತ್ತಿರ ಹಿಡಿದು, ನಿಧಾನಕ್ಕೆ ಒಂದು ಸುತ್ತು ತಿರುಗಿದೆ.